ಎರಡು ಮಾರು ದೂರ

ಜೂನ್ 4

ರೀ,

ಕ್ಷೇಮವಾಗಿ ತಲುಪಿದೆ. ಹಾಸ್ಟೆಲಿನ ಫೋನು ವಾರ್ಡನ್ ಮೇಜಿನ ಮೇಲಿದೆ. ಅಲ್ಲಿ ಪಿಸುಗುಟ್ಟಿದರೂ ಮೂರನೇ ಮಹಡಿಗೆ ಕೇಳುತ್ತದೆ. ಹಾಗಾಗಿ ಇನ್ನು ಮೂರು ತಿಂಗಳು ಕೋಳಿ ಕೆದಕಿದಂಥ ನಿಮ್ಮ ಅಕ್ಷರ ಓದುವ ಶಿಕ್ಷೆ ನನಗೆ.

ತರಬೇತಿಗೆ ಬಂದ ತುರ್ತು ವಿಭಾಗದ ನರ್ಸುಗಳು ನಾವು ಇಪ್ಪತ್ತೆರಡು ಜನ ಇದ್ದೇವೆ. ನನ್ನ ಪಕ್ಕ ಕೂರುವ ಹುಡುಗಿ ನನ್ನ ಸರ್ವೀಸಿಗಿಂತ ಚಿಕ್ಕವಳು. ಪಾಠ ಮಾಡುವವರು ಸೈನ್ಯದ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು, ಎಲ್ಲರೂ ಸುಬೇದಾರಮ್ಮ ಎನ್ನುತ್ತೇವೆ. ಮೊದಲ ದಿನವೇ ಒಂದು ಹಂದಿಯ ತೊಡೆ ತಂದು ಮೇಜಿನ ಮೇಲೆ ಹಾಕಿದರು. ಅದರೊಳಗೆ ಟ್ಯೂಬು ಕೂರಿಸಿ, ಕೆಂಪು ನೀರು ಪಂಪು ಮಾಡಿ, ಚಾಕುವಿನಿಂದ ಒಂದು ಸೀಳು ಹಾಕಿ, "ನಿಲ್ಸಿ ನೋಡೋಣ" ಎಂದು ನನ್ನನ್ನೇ ಕರೆದರು. ಇಪ್ಪತ್ತಮೂರು ವರ್ಷ ಮಾಡಿದ ಹಾಗೆಯೇ ಪಟ್ಟಿಯ ಮೇಲೆ ಪಟ್ಟಿ ಒತ್ತಿದೆ. ಮೇಜು ತುಂಬ ರಕ್ತ, ಅಂದರೆ ನೀರು. ಸುಬೇದಾರಮ್ಮ ಹೇಳಿದರು: "ಮೇಲೆ ಮೇಲೆ ಸುತ್ತಿದ್ರೆ ಹೆಣಕ್ಕೆ ಬಟ್ಟೆ ಉಡಿಸಿದ ಹಾಗೆ. ಗಾಯದ ಒಳಗೆ ತುರುಕಬೇಕು."

ಅವತ್ತು ಊಟ ಸೇರಲಿಲ್ಲ. ಫೆಬ್ರವರಿಯಲ್ಲಿ ಹನ್ನೊಂದು ಮಚ್ಚಿನೇಟು ತಿಂದು ಬಂದವನು ನನ್ನ ಕೈಯಲ್ಲೇ ಹೋದನಲ್ಲ, ಅವನಿಗೆ ನಾನು ಬಟ್ಟೆ ಉಡಿಸಿದೆ. ಸಾಯುವ ಮುಂಚೆ ಅವನು ಹೇಳಿದ ಹೆಸರನ್ನು ಪೊಲೀಸರಿಗೆ ಬರೆದುಕೊಟ್ಟದ್ದು ಬಿಟ್ಟರೆ ಅವನಿಗೆ ನನ್ನಿಂದ ಇನ್ನೇನೂ ಆಗಲಿಲ್ಲ.

ನನ್ನ ಜಾಗದಲ್ಲಿ ಗುಬ್ಬಿ ಹೇಗೆ ನಿಭಾಯಿಸುತ್ತಿದ್ದಾಳೆ? ಆರು ವರ್ಷ ನನ್ನ ಸೆರಗು ಹಿಡಿದು ತಿರುಗಿದವಳು, ಇನ್‌ಚಾರ್ಜ್ ಆಗಿ ಇದೇ ಮೊದಲು. ಅಂದ ಹಾಗೆ, ವಾರ್ಡಿಗೆ ಯಾರಾದರೂ ನನ್ನನ್ನು ಕೇಳಿಕೊಂಡು ಬಂದಿದ್ದರೇ? ಬಂದಿದ್ದರೆ ತಪ್ಪದೆ ಬರೆಯಿರಿ.

ನಿಮ್ಮವಳು

ಜೂನ್ 12

ಮೇಡಂ ಅವರಿಗೆ,

ಆಂಬ್ಯುಲೆನ್ಸ್ ಡ್ರೈವರ್ ಮಾಡುವ ನಮಸ್ಕಾರಗಳು. ನಿನ್ನನ್ನು ಕೇಳಿಕೊಂಡು ಯಾರೂ ಬಂದಿಲ್ಲ. ನೀನಿಲ್ಲದೆ ಆಸ್ಪತ್ರೆಯ ಕಂಬ ಬಿದ್ದುಹೋಗುತ್ತದೆ ಎಂದುಕೊಂಡಿದ್ದರೆ ಸಮಾಧಾನ ಮಾಡಿಕೋ, ನಿಂತಿದೆ. ಗುಬ್ಬಿ ನಿನ್ನ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಆದರೆ ಗಂಟಲು ಗೇಟಿಗೆ ಕೇಳುತ್ತದೆ. ನಿನ್ನೆ ಡ್ಯೂಟಿ ಡಾಕ್ಟರಿಗೇ ಕೈ ತೊಳೆದು ಬನ್ನಿ ಎಂದಳು.

ಊರು ಮಾತ್ರ ಸರಿ ಇಲ್ಲ. ಫೆಬ್ರವರಿಯ ಹೆಣದ ಕಡೆಯವರೂ ಹೆಣ ಮಾಡಿದ ಕಡೆಯವರೂ ಹಾದಿಬೀದಿಯಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಿದ್ದಾರೆ. ಸೋಮವಾರ ತರಕಾರಿ ಮಾರ್ಕೆಟ್ಟಿನಲ್ಲಿ ಹಾಡಹಗಲೇ ಇಬ್ಬರನ್ನು ಕೊಚ್ಚಿದರು. ಒಬ್ಬನ ಕಿವಿ ಟೊಮೇಟೊ ಬುಟ್ಟಿಯಲ್ಲಿ ಸಿಕ್ಕಿತು. ಗಾಡಿ ಹೊರಡುವಾಗ ಮುಂದಿನ ಗಾಜಿಗೆ ಕಲ್ಲು ಬಿತ್ತು. ಗಾಡಿಗೆ ಯಾವ ಕಡೆಯೂ ಇಲ್ಲ ಎಂದು ಕಲ್ಲಿಗೆ ಹೇಗೆ ಗೊತ್ತಾಗಬೇಕು? ಇನ್ನೊಬ್ಬ ದಾರಿಯಲ್ಲೇ ಹೋದ. ಹಿಂದೆ ಅವನು ಹೋಗುತ್ತಿದ್ದ, ಮುಂದೆ ನಾನು ಹಾರ್ನ್ ಹೊಡೆಯುತ್ತಿದ್ದೆ. ಹದಿನೆಂಟು ವರ್ಷದಿಂದ ನಾನು ಮಾಡಿದ ಚಿಕಿತ್ಸೆ ಎಂದರೆ ಹಾರ್ನ್.

ಅಲ್ಲಿ ಕಲಿತದ್ದನ್ನು ನನಗೂ ಬರೆ. ಚಿತ್ರ ಹಾಕಿ ಬರೆ, ನನ್ನ ತಲೆ ನಿನಗೆ ಗೊತ್ತಲ್ಲ. ಅಮ್ಮ ಚೆನ್ನಾಗಿದ್ದಾರೆ. ಸೊಸೆ ಇಲ್ಲದೆ ಜಗಳಕ್ಕೆ ಜನ ಸಿಗದೆ ಸೊರಗಿದ್ದಾರೆ.

ಜೂನ್ 19

ರೀ,

ಚಿತ್ರ ಜೊತೆಯಲ್ಲಿದೆ. ನಗಬೇಡಿ, ಅದು ಕಾಲು, ಬದನೆಕಾಯಿ ಅಲ್ಲ.

ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಬೆಲ್ಟೋ ಅಗಲದ ಬಟ್ಟೆಯೋ ಕಟ್ಟಿ. ಅದರೊಳಗೆ ಗಟ್ಟಿಯಾದ ಕೋಲು ತೂರಿಸಿ ರಕ್ತ ನಿಲ್ಲುವವರೆಗೆ ತಿರುಚಿ. ಅವನು ಕಿರುಚುತ್ತಾನೆ. ಕಿರುಚಲಿ, ಕಿರುಚುವವನು ಬದುಕಿದ್ದಾನೆ. ಕಟ್ಟಿದ ಹೊತ್ತನ್ನು ಅವನ ಹಣೆಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ತೊಡೆಸಂದಿಯಲ್ಲಿ, ಕಂಕುಳಲ್ಲಿ ಏಟಾದರೆ ಕಟ್ಟಲು ಜಾಗವಿಲ್ಲ. ಅಲ್ಲಿ ಸಿಕ್ಕಿದ ಶುದ್ಧ ಬಟ್ಟೆಯನ್ನು ಬೆರಳಿನಿಂದ ಆಳದವರೆಗೆ ತುರುಕಿ, ಮೈಭಾರವೆಲ್ಲ ಹಾಕಿ ಒತ್ತಿ. ನಿಂತಿತಾ ಎಂದು ಇಣುಕಿ ನೋಡಲು ಕೈ ತೆಗೆದಿರೋ, ಎಲ್ಲ ಮೊದಲಿನಿಂದ. ಗುಬ್ಬಿಗೂ ತೋರಿಸಿ. ಇಷ್ಟು ದಿನ ಅವಳಿಗೆ ನಾನು ಹೇಳಿಕೊಟ್ಟ ರೀತಿಯೇ ತಪ್ಪು.

ಇನ್ನೊಂದು ಮಾತು. ನಮ್ಮ ಮೇಜು ಬಾಗಿಲಿಗೆ ಬೆನ್ನು ಹಾಕಿದೆ. ಬರುವವರ ಮುಖ ಕಾಣಬೇಕು, ನಮ್ಮ ಹಿಂದೆ ಓಡಲು ಇನ್ನೊಂದು ದಾರಿ ಇರಬೇಕು ಎಂದು ಇಲ್ಲಿ ಒಂದು ದಿನವೆಲ್ಲ ಪಾಠ ಮಾಡಿದರು. ಹೊಡೆಯಲು ಬಂದವನ ಎದುರು ಹೇಗೆ ನಿಲ್ಲಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು ಎಂಬುದೂ ಪಾಠವೇ. ಗುಬ್ಬಿಗೆ ಹೇಳಿ ಮೇಜು ತಿರುಗಿಸಿ. ಮರೆಯಬೇಡಿ.

ಜೂನ್ 28

ಮೇಡಂ,

ನಿನ್ನ ಬದನೆಕಾಯಿ ಒಬ್ಬನ ಜೀವ ಉಳಿಸಿತು. ಗ್ಯಾರೇಜಿನ ಮೆಕ್ಯಾನಿಕ್ಕು, ಯಾವ ಗುಂಪಿನವನೂ ಅಲ್ಲ. ಬೇರೆ ಯಾರನ್ನೋ ಅಟ್ಟಿಸಿಕೊಂಡು ಬಂದವರಿಗೆ ಇವನು ಅಡ್ಡ ಸಿಕ್ಕಿದ. ಮಂಡಿಯ ಮೇಲೆ ಮಚ್ಚಿನ ಏಟು. ನಾನು ತಲುಪುವಾಗ ಆಯಿಲ್ ಯಾವುದು, ರಕ್ತ ಯಾವುದು ತಿಳಿಯದ ಹಾಗಾಗಿತ್ತು. ನನ್ನ ಬೆಲ್ಟ್ ಬಿಚ್ಚಿ ಕಟ್ಟಿ, ಅವನದೇ ಸ್ಪ್ಯಾನರ್ ತೂರಿಸಿ ತಿರುಚಿದೆ. ನನ್ನ ವಂಶವನ್ನೆಲ್ಲ ಬೈದ. ಕಿರುಚುವವನು ಬದುಕಿದ್ದಾನೆ ಎಂದು ಇನ್ನೂ ಅರ್ಧ ಸುತ್ತು ತಿರುಚಿದೆ. ಹಣೆಯ ಮೇಲೆ ಹನ್ನೊಂದೂ ಇಪ್ಪತ್ತು ಎಂದು ಬರೆದೆ.

ಡ್ಯೂಟಿ ಡಾಕ್ಟರಿಗೆ ಸಿಟ್ಟು. ಡ್ರೈವರ್ ಡ್ರೈವರ್ ಹಾಗಿರಬೇಕಂತೆ, ಹೆಂಡತಿ ಕೋರ್ಸಿಗೆ ಹೋದರೆ ಗಂಡನಿಗೆ ಸರ್ಟಿಫಿಕೇಟು ಬರುವುದಿಲ್ಲವಂತೆ. ಗುಬ್ಬಿ ಮಾತ್ರ ಹೊರಗೆ ಬಂದು, "ಭಾವ, ಅವನ ಕಾಲು ಉಳೀತು. ಅಕ್ಕನಿಗೆ ಬರೀರಿ" ಎಂದು ಮೂರು ಸಲ ಹೇಳಿದಳು. ಹೋಗುವಾಗ ಪ್ಯಾಂಟು ಹಿಡಿದುಕೊಂಡು ಗಾಡಿ ಓಡಿಸಿದೆ.

ಮೇಜಿನ ಮಾತು ಹೇಳಿದೆ. ಅಕ್ಕ ಮುನ್ನೂರು ಮೈಲಿಯಿಂದ ಮೇಜು ಸರಿಸ್ತಾರಲ್ಲ ಎಂದು ನಕ್ಕಳು. ಟೆಲಿಫೋನಿನ ವೈರು ಎಟುಕುವುದಿಲ್ಲವಂತೆ. ನೀನು ಬಂದ ಮೇಲೆ ನಿನಗೆ ಬೇಕಾದ ಕಡೆ ತಿರುಗಿಸಿಕೋ.

ಜುಲೈ 5

ರೀ,

ಮೆಕ್ಯಾನಿಕ್ಕಿನ ವಿಷಯವನ್ನು ತರಗತಿಯಲ್ಲಿ ಓದಿ ಹೇಳಿದೆ. ಸುಬೇದಾರಮ್ಮ ನಗದವರು, ನಕ್ಕರು. ನನಗೆ ಹೆಮ್ಮೆಯಾಯಿತು ಎಂದು ಒಂದೇ ಸಲ ಬರೆಯುತ್ತೇನೆ, ಇಟ್ಟುಕೊಳ್ಳಿ.

ಆದರೆ ಮೇಜು ತಿರುಗಿಸಿ. ವೈರು ಎಟುಕದಿದ್ದರೆ ಫೋನು ಕಿಟಕಿಯ ಮೇಲಿರಲಿ. ಇದು ನನ್ನ ಹಟವಲ್ಲ. ಗುಬ್ಬಿಗೆ ನೇರವಾಗಿ ನನಗೇ ಒಂದು ಕಾಗದ ಬರೆಯಲು ಹೇಳಿ. ಅವಳೊಂದಿಗೆ ಬೇರೆ ಮಾತಿದೆ.

ಜುಲೈ 16

ರೀ,

ಕಾಗದವಿಲ್ಲ. ನಿಮ್ಮದೂ ಇಲ್ಲ, ಅವಳದೂ ಇಲ್ಲ. ಮೇಜಿನ ಮಾತಿಗೆ ಇಬ್ಬರೂ ಮುನಿಸಿಕೊಂಡಿರಾ? ನಿನ್ನೆ ನಾಚಿಕೆ ಬಿಟ್ಟು ವಾರ್ಡನ್ ಎದುರೇ ಆಸ್ಪತ್ರೆಗೆ ಫೋನು ಮಾಡಿದೆ. ತುರ್ತು ವಿಭಾಗದ ಫೋನು ಕೆಟ್ಟಿದೆ ಎಂದರು. ಎರಡು ಸಾಲಾದರೂ ಬರೆಯಿರಿ.

ಜುಲೈ 20

ನಿನ್ನ ಕಾಗದ ಬಂತು. ನಾವೆಲ್ಲ ಕ್ಷೇಮ. ಸ್ಟ್ರೆಚರ್ ಎತ್ತುವಾಗ ಬೆನ್ನು ಹಿಡಿದುಕೊಂಡಿದೆ, ಅದಕ್ಕೆ ಬರೆಯಲಾಗಲಿಲ್ಲ. ಗುಬ್ಬಿ ರಜೆಯಲ್ಲಿದ್ದಾಳೆ. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದಾಳೆ. ಬಂದ ಮೇಲೆ ಬರೆಯುತ್ತಾಳೆ. ನೀನು ಪರೀಕ್ಷೆಯ ಕಡೆ ಗಮನ ಕೊಡು. ಕೋರ್ಸು ಮುಗಿಯುವವರೆಗೆ ಬರುವುದು ಬೇಡ. ಇಲ್ಲಿ ಮಳೆ ಜೋರು.

ಜುಲೈ 24

ರೀ,

ಸುಳ್ಳು ಹೇಳುವುದಕ್ಕೂ ತರಬೇತಿ ಬೇಕು. ಗುಬ್ಬಿಗೆ ತಾಯಿ ಇಲ್ಲ. ಅವಳನ್ನು ಸಾಕಿದ ಅಜ್ಜಿ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ನೀವೂ ಒಬ್ಬರು. ಅದನ್ನು ಮರೆತು ಬರೆದಿದ್ದೀರಿ ಎಂದರೆ ಬರೆಯುವಾಗ ನಿಮ್ಮ ತಲೆ ಸ್ವಸ್ಥವಾಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ನೀವು ಒಂದೇ ಒಂದು ತಮಾಷೆಯಿಲ್ಲದೆ ನನ್ನ ಹತ್ತಿರ ಇಷ್ಟು ಹೊತ್ತು ಮಾತಾಡಿದ್ದಿಲ್ಲ.

ರೋಗಿಯ ಕಡೆಯವರಿಗೆ ಕೆಟ್ಟ ಸುದ್ದಿಯನ್ನು ಸುತ್ತಿ ಬಳಸಿ ಹೇಳಬಾರದು ಎಂದು ಇಲ್ಲಿ ಹೇಳಿಕೊಡುತ್ತಾರೆ. ಕೂರಿಸಿ, ಕಣ್ಣು ನೋಡಿ, ಮೊದಲ ವಾಕ್ಯದಲ್ಲೇ ಹೇಳಬೇಕು. ನಾನು ಕೂತಿದ್ದೇನೆ. ಹೇಳಿ. ಅವಳು ಬದುಕಿದ್ದಾಳೆಯೇ?

ಜುಲೈ 30

ಗುಬ್ಬಿ ಬದುಕಿದ್ದಾಳೆ. ಮೊದಲ ವಾಕ್ಯ ಇದೇ.

ಜುಲೈ ಒಂಬತ್ತರಂದು ಸಂಜೆ ನಾಲ್ಕು ಗಂಟೆ, ನೋಡಲು ಬರುವವರ ಹೊತ್ತು. ನಾನು ಪೋರ್ಟಿಕೋದಲ್ಲಿ ಸ್ಟ್ರೆಚರ್ ತೊಳೆಯುತ್ತಿದ್ದೆ. ಐದು ಜನ ನನ್ನ ಪಕ್ಕದಿಂದಲೇ ಒಳಗೆ ಹೋದರು. ಕೈಯಲ್ಲಿದ್ದದ್ದನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದರು. ಮೊದಲು ಗಾಜು ಒಡೆದ ಸದ್ದು ಕೇಳಿತು. ಗೇಟಿನವನು ಓಡಿಹೋದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಮುಂದಿದ್ದ ಕೆಂಪು ಶರ್ಟಿನವನು ಕೇಳುತ್ತಿದ್ದ: "ಸಾಕ್ಷಿ ಹೇಳೋ ಸಿಸ್ಟರ್ ಎಲ್ಲಿ?"

ಗುಬ್ಬಿ ಕುರ್ಚಿಯಲ್ಲೇ ತಿರುಗಿದಳು. ಅವಳಿಗೆ ಸಾಕ್ಷಿಯೂ ಗೊತ್ತಿಲ್ಲ, ಗೀಕ್ಷಿಯೂ ಗೊತ್ತಿಲ್ಲ. ಯಾರೇ ಕೂಗಾಡಿಕೊಂಡು ಬಂದರೂ ಹೇಳುವ ಮಾತನ್ನೇ ಹೇಳಿದಳು. "ಇನ್‌ಚಾರ್ಜ್ ನಾನೇ. ಏನು ಬೇಕು ಹೇಳಿ."

ಅವನು ಬಗ್ಗಿ ಅವಳ ತೊಡೆಸಂದಿಗೆ ಚಾಕು ಹಾಕಿದ. ಎರಡು ಸಲ. ಅವಳು ಕೂಗಲಿಲ್ಲ, ಕುರ್ಚಿಯಿಂದ ಜಾರಿದಳು. ಆಮೇಲೆ ಅವರಿಗೆ ಕಂಡದ್ದೆಲ್ಲ ಹೊಡೆಯುವ ಹುಚ್ಚು. ಡಾಕ್ಟರು, ಇಬ್ಬರು ನರ್ಸುಗಳು ಡ್ರೆಸ್ಸಿಂಗ್ ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಹಾಸಿಗೆಯಲ್ಲಿದ್ದ ಮುದುಕನ ಬಾಯಿಗೆ ಒದ್ದರು. ನಾನು ಗುಬ್ಬಿಯ ಹತ್ತಿರ ಮಂಡಿಯೂರಿ, ಅವಳ ಏಪ್ರನ್ನು ಹರಿದು ಒಳಗೆ ತುರುಕಿದೆ. ನೀನು ಬರೆದ ಹಾಗೆಯೇ. ಬೆರಳಿಗೆ ಬಿಸಿಯಾಗಿ ಬಡಿಯುತ್ತಿತ್ತು. ಮುಷ್ಟಿ ಇಟ್ಟು ಮೈಭಾರ ಹಾಕಿದೆ. ಗ್ಲೂಕೋಸಿನ ಕಬ್ಬಿಣದ ಸ್ಟ್ಯಾಂಡು ತೆಗೆದುಕೊಂಡು ಒಬ್ಬ ನನ್ನ ಬೆನ್ನಿಗೆ ಹೊಡೆದ. ಎರಡು ಪಕ್ಕೆಲುಬು ಮುರಿದಿವೆ, ಈಗ ಕೂಡುತ್ತಿವೆ. ಗುಬ್ಬಿ ನನ್ನ ಮುಖ ನೋಡುತ್ತ, "ಭಾವ, ಕೈ ತೆಗೀಬೇಡಿ" ಎಂದಳು. ತೆಗೆಯಲಿಲ್ಲ.

ರಸ್ತೆಯಲ್ಲಿ ಹಾದುಹೋದ ಎರಡನೆಯ ಆಂಬ್ಯುಲೆನ್ಸಿನ ಸೈರನ್ ಕೇಳಿ, ಪೊಲೀಸರೆಂದುಕೊಂಡು ನಾಲ್ಕು ಜನ ಓಡಿದರು. ಕೆಂಪು ಶರ್ಟಿನವನು ಉಳಿದ. ಔಷಧಿ ಬೀರುವಿನ ಗಾಜಿಗೆ ಗುದ್ದಿ ಕೈ ಒಳಗೆ ಹಾಕಿ ಎಳೆದುಕೊಂಡಿದ್ದ. ಮೊಣಕೈಯ ಒಳಭಾಗ ಉದ್ದಕ್ಕೆ ಸೀಳಿತ್ತು. ಅವನು ಹಾಸಿಗೆಯ ಕಾಲಿಗೆ ಒರಗಿ ಕೂತ. ನನ್ನಿಂದ ಎರಡು ಮಾರು ದೂರ.

ಇದನ್ನು ಯಾರಿಗೂ ಹೇಳಿಲ್ಲ. ಅವನು ಕೂತ ಮೇಲೆ ಪೊಲೀಸರು ಬರುವುದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಡ್ರೆಸ್ಸಿಂಗ್ ರೂಮಿನ ಚಿಲಕ ಇನ್ನೂ ತೆಗೆದಿರಲಿಲ್ಲ. ಒಳಗೆ ನೆಟ್ಟಗೆ ನಿಂತಿದ್ದವಳು ಆಯಾ ಒಬ್ಬಳೇ. ಅವಳ ಎರಡು ಕೈಯೂ ಖಾಲಿ ಇದ್ದವು. ಅವನು ತನ್ನ ತೋಳು ನೋಡಿಕೊಂಡು, "ಅಣ್ಣಾ, ಇದು ನಿಲ್ತಾ ಇಲ್ಲ" ಎಂದ. ಚಾಕು ಹಿಡಿದಾಗ ಇದ್ದ ಗಂಟಲು ಅದಲ್ಲ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು. ಆಯಾ ನನ್ನ ಮುಖ ನೋಡಿ, "ಏನು ಮಾಡ್ಲಿ?" ಎಂದು ಕೇಳಿದಳು. ನನ್ನ ಸೊಂಟದಲ್ಲಿ ಬೆಲ್ಟಿತ್ತು. ಬಿಚ್ಚಿಕೋ, ಅವನ ತೋಳಿಗೆ ಬಿಗಿ ಎಂದರೆ ಸಾಕಿತ್ತು. ನನ್ನ ಕೈ ಬಿಡುವಿರಲಿಲ್ಲ, ಬಾಯಿ ಬಿಡುವಿತ್ತು.

"ಬಾಗಿಲು ನೋಡ್ಕೋ" ಎಂದೆ.

ಅವಳು ಹೋಗಿ ಬಾಗಿಲಲ್ಲಿ ನಿಂತಳು. ಅವನು ಇನ್ನೆರಡು ಸಲ ಅಣ್ಣಾ ಎಂದ. ನಾಲ್ಕೂ ಹದಿನೇಳಕ್ಕೆ ಸುಮ್ಮನಾದ.

ಗುಬ್ಬಿಗೆ ಎರಡು ಆಪರೇಷನ್ ಆಗಿವೆ. ಎಡಪಾದ ಎತ್ತಲಾಗುವುದಿಲ್ಲ. ನಿನ್ನನ್ನು ಕೇಳುತ್ತಾಳೆ. ನಿನಗೆ ತಿಳಿಸಬಾರದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡವನು ನಾನು. ಅವರು ಹುಡುಕಿ ಬಂದದ್ದು ನಿನ್ನನ್ನು, ನೀನು ಬಂದುಬಿಡುತ್ತೀಯೆಂಬ ಭಯ. ಆಸ್ಪತ್ರೆಯಲ್ಲಿ ಸಭೆ ಮಾಡಿ ನನಗೆ ಶಾಲು ಹೊದಿಸಿದರು. ಡ್ಯೂಟಿ ಡಾಕ್ಟರೇ ಚಪ್ಪಾಳೆ ಶುರುಮಾಡಿದ್ದು. ಆ ಶಾಲನ್ನು ಅಮ್ಮ ಮಡಚಿ ಇಟ್ಟಿದ್ದಾರೆ, ಬೀರು ತೆಗೆದರೆ ಕಾಣುತ್ತದೆ.

ಆಗಸ್ಟ್ 5

ರೀ,

ಮೂರು ದಿನ ನಿಮ್ಮ ಕಾಗದ ಹಿಡಿದುಕೊಂಡು ತಿರುಗಿದೆ. ಯಾರದೆಂದು ಹೇಳದೆ ಸುಬೇದಾರಮ್ಮನನ್ನು ಕೇಳಿದೆ: ಮೊಣಕೈಯ ಒಳಗೆ ಗಾಜಿನ ಸೀಳು, ಬೆಲ್ಟಿದೆ, ಖಾಲಿ ಕೈಯ ಒಬ್ಬ ಹೆಂಗಸಿದ್ದಾಳೆ, ಹನ್ನೆರಡು ನಿಮಿಷ. ಉತ್ತರಪತ್ರಿಕೆ ತಿದ್ದುತ್ತಿದ್ದವರು ತಲೆ ಎತ್ತದೆ ಹೇಳಿದರು: "ಉಳೀತಾನೆ. ಇದೇನು ಪ್ರಶ್ನೆ?"

ಏನೂ ಆಗುತ್ತಿರಲಿಲ್ಲ, ಹೇಗೂ ಹೋಗುತ್ತಿದ್ದ ಎಂದು ಬರೆಯಬಹುದಿತ್ತು. ನೀವು ನಂಬುತ್ತಿರಲಿಲ್ಲ. ಗುಬ್ಬಿಯ ಜೀವ ಹಿಡಿದ ಕೈಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೇಳದೆ ಉಳಿದ ಬಾಯಿಯನ್ನು ಮಾಫಿ ಮಾಡಲು ನನಗೆ ಬರುವುದಿಲ್ಲ, ಅದು ನನಗೆ ಸೇರಿದ್ದಲ್ಲ.

ಈಗ ನನ್ನದು ಕೇಳಿ. ಆ ಹುಡುಗನನ್ನು ನಾನು ಬಲ್ಲೆ. ನಾನು ಪೊಲೀಸರಿಗೆ ಹೆಸರು ಬರೆದುಕೊಟ್ಟೆನಲ್ಲ, ಆ ಕೊಲೆಗಾರನ ತಮ್ಮ. ಎರಡು ವರ್ಷದ ಹಿಂದೆ ಹುಬ್ಬು ಒಡೆದುಕೊಂಡು ಬಂದಾಗ ಐದು ಹೊಲಿಗೆ ಹಾಕಿದವಳು ನಾನು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತ. ಮರ್ಯಾದೆಯಾಗಿಯೇ ಮಾತಾಡಿದ. ನನ್ನ ಪೆನ್ನು ತೆಗೆದುಕೊಂಡು ಆಡಿಸುತ್ತ, "ಸಿಸ್ಟರ್, ಕೋರ್ಟಿಗೆ ಬಂದ್ರೆ ಈ ಕುರ್ಚಿ ಖಾಲಿ ಆಗತ್ತೆ" ಎಂದ. ನನ್ನ ಮುಖ ಬಲ್ಲವನು, ನಾನು ಸಿಗದ ಸಿಟ್ಟಿಗೆ ಗೊತ್ತಿದ್ದೇ ಆ ಕುರ್ಚಿಯಲ್ಲಿ ಕೂತವಳಿಗೆ ಹಾಕಿದ.

ನಿಮಗೆ ಹೇಳಿದರೆ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ ಎಂದು ಹೇಳಲಿಲ್ಲ. ಈ ಕೋರ್ಸಿನ ಸುತ್ತೋಲೆ ಮೂರು ವರ್ಷದಿಂದ ಬರುತ್ತಿತ್ತು. ಈ ವಯಸ್ಸಿಗೆ ನನಗೇನು ಪಾಠ ಎಂದು ಬುಟ್ಟಿಗೆ ಹಾಕುತ್ತಿದ್ದೆ. ಮರುದಿನವೇ ಅರ್ಜಿ ಹಾಕಿದೆ. ನಾನು ಕಲಿಯಲು ಬಂದವಳಲ್ಲ ರೀ, ಓಡಿ ಬಂದವಳು. ಕುರ್ಚಿ ಖಾಲಿ ಬಿಟ್ಟು ಬರಲಿಲ್ಲ, ಗುಬ್ಬಿಯನ್ನು ಕೂರಿಸಿ ಬಂದೆ. ಅವಳಿಗೆ ಹೇಳಿದ್ದರೆ ಬಾಗಿಲ ಕಡೆ ಒಂದು ಕಣ್ಣಿಡುತ್ತಿದ್ದಳು. ಹೆದರಿದೆ ಎಂದು ಚಿಕ್ಕವಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ನಾಚಿಕೆ ನನ್ನದು, ಪಾದ ಅವಳದು. ಇದನ್ನು ಅವಳಿಗೆ ನಾನೇ ಹೇಳಬೇಕು, ನೀವು ಹೇಳಬೇಡಿ.

ಪರೀಕ್ಷೆ ಇಪ್ಪತ್ತೊಂಬತ್ತಕ್ಕೆ. ಬರೆದೇ ಬರುತ್ತೇನೆ. ಸೆಪ್ಟೆಂಬರಿನಲ್ಲಿ ಕೋರ್ಟು ಕರೆಯುತ್ತದೆ, ಹೋಗುತ್ತೇನೆ. ನೀವು ಏನು ಮಾಡಬೇಕು ಎಂದು ಕೇಳಬೇಡಿ. ನಮ್ಮ ಪುಸ್ತಕದಲ್ಲಿ ಅದಿಲ್ಲ.

ಆಗಸ್ಟ್ 15

ನಿನ್ನ ಕಾಗದವನ್ನು ಗಾಡಿಯಲ್ಲಿ ಕೂತು ಓದಿದೆ. ನಿನ್ನ ಮೇಲೆ ಸಿಟ್ಟು ಬಂತು, ಎರಡು ದಿನ ಇತ್ತು. ಈಗ ಇಲ್ಲ ಎಂದು ಹೇಳಲಾರೆ. ಬಂದ ಮೇಲೆ ಬೈಯುತ್ತೇನೆ.

ಮೊದಲು ವಿಚಾರಣೆ ಮಾಡಿದ ಇನ್ಸ್‌ಪೆಕ್ಟರ್ ಹತ್ತಿರ ಹೋದೆ. ಪೂರ್ತಿ ಕೇಳಿ, ಫೈಲು ಮುಚ್ಚಿ, "ಕೈ ಬಿಡುವಿರಲಿಲ್ಲ ಅಂತ ಬರೆದಾಗಿದೆ, ಹೋಗ್ರಿ" ಎಂದರು. ಅಂಥವನಿಗಾಗಿ ತಲೆ ಕೆಡಿಸಿಕೊಳ್ಳುವವನನ್ನು ಇದೇ ಮೊದಲು ನೋಡಿದ್ದಂತೆ.

ಆಯಾಳನ್ನು ಕರೆದು ನನ್ನದೇ ತೋಳಿಗೆ ಬೆಲ್ಟ್ ಬಿಗಿಯುವುದನ್ನು ಹೇಳಿಕೊಟ್ಟೆ. ಎರಡನೇ ಸಲಕ್ಕೆ ಸರಿಯಾಗಿ ಬಿಗಿದಳು. ಬಿಚ್ಚಿ ಬೆಲ್ಟನ್ನು ಕೈಗೆ ಕೊಡುತ್ತ, "ಇಷ್ಟೇನಾ?" ಎಂದಳು. ಆಮೇಲೆ ಅರ್ಥವಾಗಿರಬೇಕು, ಬಕೆಟ್ಟು ಎತ್ತಿಕೊಂಡು ಹೊರಟುಹೋದಳು. ಅಂದಿನಿಂದ ನನ್ನೊಂದಿಗೆ ಮಾತಾಡಿಲ್ಲ.

ನಿನ್ನೆ ಆ ಹುಡುಗನ ತಾಯಿಯ ಮನೆಗೆ ಹೋಗಿದ್ದೆ. ಟಿನ್ನು ಬಡಿಯುವ ಅಂಗಡಿಗಳ ಗಲ್ಲಿ, ಮಹಡಿಯ ಮೇಲೆ ಒಂದು ಕೋಣೆ. ಆಕೆ ಹೊಲಿಗೆ ಮೆಷಿನ್ ಮುಂದೆ ಕೂತು ಅಂಗಿಯ ಕಾಲರ್ ಹೊಲಿಯುತ್ತಿದ್ದರು. ಆಸ್ಪತ್ರೆಯ ಡ್ರೈವರ್ ಎಂದು ಗುರುತು ಹಿಡಿದು ಕೂರಲು ಹೇಳಿದರು. ಕೂರಲಿಲ್ಲ. ಸುತ್ತಿ ಬಳಸದೆ ಮೊದಲ ವಾಕ್ಯದಲ್ಲೇ ಹೇಳಿದೆ: ನಿಮ್ಮ ಮಗನನ್ನು ಉಳಿಸುವುದು ನನಗೆ ಗೊತ್ತಿತ್ತು, ಹೇಳಿಕೊಡಲಿಲ್ಲ. ಕೆಳಗೆ ಟಿನ್ನು ಬಡಿಯುತ್ತಿದ್ದರು. ಮಿಕ್ಕದ್ದನ್ನು ಹೇಳಿ ಮುಗಿಸುವವರೆಗೂ ಆಕೆ ತುಳಿಯುತ್ತಲೇ ಇದ್ದರು. ಕಾಲರಿನ ಅಂಚಿಗೆ ಬಂದು ನಿಲ್ಲಿಸಿದರು.

"ನಿಮ್ಮನ್ನ ಏನಂತ ಕರೆದ?"

"ಅಣ್ಣಾ ಅಂದ."

"ಮನೇಲಿದ್ದ ಅಣ್ಣ ಕೈಗೆ ಚಾಕು ಕೊಟ್ಟ," ಎಂದರು. "ಹೊರಗಿನ ಅಣ್ಣ ನೋಡ್ತಾ ಕೂತ."

ನಾನು ನಿಂತೇ ಇದ್ದೆ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ, ಹೊಡೆಯಲಿಲ್ಲ. ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಕೋಲು ಹಿಡಿದು ನಡೆಯುತ್ತಾಳೆ ಎಂದೆ. ತಲೆಯಾಡಿಸಿ ಮತ್ತೆ ಸೂಜಿಗೆ ದಾರ ಪೋಣಿಸಲು ಹೋದರು. ಮೂರು ಸಲ ತಪ್ಪಿತು. ನಾನು ಬಗ್ಗಿ ಪೋಣಿಸಿ ಕೊಟ್ಟೆ. ಕೈ ತಳ್ಳಲಿಲ್ಲ. ದಾರವನ್ನು ಎಳೆದು ಸರಿಮಾಡಿಕೊಂಡು, "ಇನ್ನು ಹೋಗಿ" ಎಂದರು.

ಮೂವತ್ತಕ್ಕೆ ಸ್ಟೇಷನ್ನಿಗೆ ಬರುತ್ತೇನೆ. ಗುಬ್ಬಿಯೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ.